ಮಷೀನಿಗೋ, ಮಾಲಿಗೋ, ಗೋಡೆಗೋ? ಕೆನಡಾ–ಅಮೆರಿಕದ ಲೆಕ್ಕದಿಂದ ಕಲಬುರಗಿ ದಾಲ್ ಮಿಲ್ಲಿನ ಬಂಡವಾಳ ಅಳೆಯೋದು

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಲಬುರಗಿಯ ಕಪನೂರು, ನಂದೂರು ಕಡೆಯ ಸಣ್ಣ ಮಿಲ್ಲುಗಳಲ್ಲಿ ಒಂದೇ ಮಾತು. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಬ್ಯಾಂಕು ಇನ್ನಷ್ಟು ಕೊಡ್ತೀನಿ ಅನ್ನುತ್ತಿದೆ, ಅದನ್ನು ಎಲ್ಲಿ ಹಾಕೋದು? ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಸಾರ್ಟೆಕ್ಸ್ ಮಷೀನಿಗಾ, ಡ್ರೈಯರಿಗಾ, ಹೊಸ ಗೋದಾಮಿಗಾ, ಇಲ್ಲ ತೊಗರಿ ಕೊಂಡು ಇಟ್ಟು ದರ ಏರಲಿ ಅಂತ ಕಾಯೋದಾ?

ಇಂಥ ಘಟಕಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ನನ್ನ ಕೆಲಸ. ಹೆಚ್ಚಿನವರು ಕೇಳೋದು "ಪಕ್ಕದ ಮಿಲ್ಲಿನವನು ಎಷ್ಟು ಹಾಕಿದ?" ಅಂತ. ಆ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ. ಎಷ್ಟು ಹಾಕಿದ ಅನ್ನೋದಕ್ಕಿಂತ ಏನು ಕೊಂಡ, ಅದು ವರ್ಷಕ್ಕೆ ಎಷ್ಟು ದಿನ ಓಡಿತು, ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಜಾಸ್ತಿ ಬೇಳೆ ಬಂತು ಅನ್ನೋದು ಮುಖ್ಯ. ಇದೇ ಪಾಠವನ್ನು ದೊಡ್ಡ ದೊಡ್ಡ ದೇಶಗಳೂ ಈಗ ಕಲಿಯುತ್ತಿವೆ. ಅಕ್ಕಪಕ್ಕದ ದೇಶಗಳನ್ನು ಹೋಲಿಸಿದರೆ ಇದು ಚೆನ್ನಾಗಿ ಕಾಣುತ್ತದೆ. ಅದೇ ಮಷೀನು ಎರಡೂ ಕಡೆ ಸಿಗುತ್ತದೆ, ಮಾರುಕಟ್ಟೆ ಕೂಡ ಹತ್ತಿರದ್ದೇ. ಆದರೂ ಕೆಲಸಗಾರನ ಒಂದು ಗಂಟೆಯ ದುಡಿಮೆಗೆ ಬರುವ ಫಲ ಬೇರೆ ಆದರೆ, ಕಾರಣ ಹುಡುಕೋದು ಸುಲಭ.

ಕೆನಡಾ ಮತ್ತು ಅಮೆರಿಕ

ಕೆನಡಾ ನಮ್ಮ ಗಂಜ್ ಮಾರುಕಟ್ಟೆಗೆ ಹೊಸ ಹೆಸರೇನಲ್ಲ. ಹಳದಿ ಬಟಾಣಿ ಅಂದರೆ ಸಾಕು, ತೊಗರಿ ಬೆಳೆದವರ ಮುಖ ಗಂಟಾಗುತ್ತದೆ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅದರ ಮೇಲೆ ಶೇ. 50 ಆಮದು ಸುಂಕ ಹಾಕಿತು. 2023ರ ಡಿಸೆಂಬರಿನಲ್ಲಿ ಸುಂಕವಿಲ್ಲದೆ ಬರಲು ಬಿಟ್ಟಿತು. ಆ ಬಟಾಣಿಯ ದೊಡ್ಡ ಪಾಲು ಬೆಳೆಯೋದು ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ಕಡೆ. ಅಲ್ಲಿ ಸಾವಿರಾರು ಎಕರೆಯ ಹೊಲ, ಬೆರಳೆಣಿಕೆಯ ಜನ, ಮನೆಯಷ್ಟು ದೊಡ್ಡ ಕೊಯ್ಲು ಯಂತ್ರ. ಅಂಥ ದೇಶಕ್ಕೆ ಮಷೀನಿನ ಕೊರತೆ ಇದೆ ಅಂದರೆ ನಂಬೋದು ಕಷ್ಟ, ಅಲ್ವಾ?

ಆದರೆ ಇದೆ. ಹೊಲದಲ್ಲಿ ಇಲ್ಲ, ಉಳಿದ ಉದ್ಯಮಗಳಲ್ಲಿ ಇದೆ. 2024ರ ಮಾರ್ಚಿನಲ್ಲಿ ಬ್ಯಾಂಕ್ ಆಫ್ ಕೆನಡಾದ ಹಿರಿಯ ಉಪ ಗವರ್ನರ್ ಕ್ಯಾರೊಲಿನ್ ರಾಜರ್ಸ್ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಒಂದು ಭಾಷಣ ಮಾಡಿದರು. 1984ರಲ್ಲಿ ಅಮೆರಿಕದಲ್ಲಿ ಒಂದು ಗಂಟೆಯ ದುಡಿಮೆಯಿಂದ 100 ಬಂದರೆ ಕೆನಡಾದಲ್ಲಿ 88 ಬರುತ್ತಿತ್ತು. 2022ಕ್ಕೆ ಅದು 71ಕ್ಕೆ ಇಳಿದಿತ್ತು. ಬೆಂಕಿ ಬಿದ್ದಾಗ ಗಾಜು ಒಡೆದು ಗಂಟೆ ಬಾರಿಸುತ್ತಾರಲ್ಲ, ಆ ಹೊತ್ತು ಬಂದಿದೆ ಅನ್ನುವ ಅರ್ಥದಲ್ಲಿ ಅವರು ಮಾತಾಡಿದರು. ಕೇಂದ್ರ ಬ್ಯಾಂಕಿನವರು ಸಾಮಾನ್ಯವಾಗಿ ಹೀಗೆ ಮಾತಾಡೋದಿಲ್ಲ.

ಕಾರಣವಾಗಿ ಮೂರು ವಿಷಯ ಇಟ್ಟರು. ಒಂದು, ಒಬ್ಬ ಕೆಲಸಗಾರನ ಹಿಂದೆ ಎಷ್ಟು ಮಷೀನು, ಉಪಕರಣ, ಸಾಫ್ಟ್‌ವೇರ್ ಇದೆ ಅನ್ನೋದು. ಎರಡು, ಕೆಲಸಗಾರನ ಕೌಶಲ್ಯ. ಮೂರು, ಇವೆರಡನ್ನೂ ಸೇರಿಸಿ ಎಷ್ಟು ಜಾಣತನದಿಂದ ದುಡಿಸುತ್ತೀರಿ ಅನ್ನೋದು. ಮೊದಲನೆಯದರಲ್ಲಿ ಕೆನಡಾ ಎದ್ದು ಕಾಣುವಷ್ಟು ಹಿಂದೆ ಬಿದ್ದಿತ್ತು. ಅಮೆರಿಕದಲ್ಲಿ ತಲಾ ಹೂಡಿಕೆ ಏರುತ್ತಲೇ ಹೋಯಿತು. ಕೆನಡಾದಲ್ಲಿ ಹತ್ತು ವರ್ಷದ ಹಿಂದೆ ಇದ್ದದ್ದಕ್ಕಿಂತಲೂ ಕಡಿಮೆ ಆಯಿತು.

ಯಾಕೆ ಹೀಗಾಯಿತು? 2014ರ ತನಕ ಎಣ್ಣೆ ಬಾವಿಗಳಿಗೆ ಸುರಿಯುತ್ತಿದ್ದ ದುಡ್ಡು ಉಳಿದ ಉದ್ಯಮಗಳ ಬಡತನವನ್ನು ಮುಚ್ಚಿಟ್ಟಿತ್ತು. ಪೀಪಾಯಿಗೆ 100 ಡಾಲರಿಗೂ ಮೇಲಿದ್ದ ಕಚ್ಚಾ ತೈಲ 2016ರ ಶುರುವಿಗೆ 30 ಡಾಲರಿಗಿಂತ ಕೆಳಗೆ ಹೋಯಿತು. ಹೂಡಿಕೆಯೂ ಕುಸಿಯಿತು, ಒಳಗಿನದು ಹೊರಗೆ ಕಂಡಿತು. ಇನ್ನೊಂದು ಕಡೆ ಕೆನಡಾದವರ ದುಡ್ಡಿನ ದೊಡ್ಡ ಪಾಲು ಮನೆ ಕಟ್ಟಲು, ಕೊಳ್ಳಲು ಹೋಯಿತು. ಮನೆ ಬೇಕು, ಅದು ತಪ್ಪಲ್ಲ. ಆದರೆ ಮನೆಯಿಂದ ಕಾರ್ಖಾನೆಯ ಕೆಲಸಗಾರ ಗಂಟೆಗೆ ಜಾಸ್ತಿ ಮಾಲು ತೆಗೆಯೋದಿಲ್ಲ.

ತೆರಿಗೆಯ ಮಾತೂ ಇದೆ. ಅಲ್ಲಿ ಸಣ್ಣ ಕಂಪನಿಗಳ 5 ಲಕ್ಷ ಕೆನಡಾ ಡಾಲರ್ ತನಕದ ಲಾಭಕ್ಕೆ ಕಡಿಮೆ ತೆರಿಗೆ. ಆ ಗೆರೆ ದಾಟಲು ಮನಸ್ಸಾಗದೆ ಕಂಪನಿಗಳು ಚಿಕ್ಕದಾಗೇ ಉಳಿಯುತ್ತವೆ ಅನ್ನೋದು ಕೆಲವು ಅರ್ಥಶಾಸ್ತ್ರಜ್ಞರ ದೂರು. ಇದನ್ನು ಓದಿದಾಗ ನನಗೆ ನಗು ಬಂತು. ಒಂದೇ ಕಂಪೌಂಡಿನಲ್ಲಿ ಗಂಡನ ಹೆಸರಲ್ಲೊಂದು, ಹೆಂಡತಿ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ಫರ್ಮ್ ಮಾಡಿರುವ ಮಿಲ್ಲುಗಳು ನಮ್ಮಲ್ಲೂ ಇವೆ. ಮೂರು ಅರ್ಧಂಬರ್ಧ ಮಷೀನು, ಮೂರು ಮೀಟರು, ಮೂರು ಲೆಕ್ಕದ ಪುಸ್ತಕ. ಸಬ್ಸಿಡಿ ಮೂರು ಸಲ ಸಿಕ್ಕಿರಬಹುದು. ಆದರೆ ಒಂದು ಸರಿಯಾದ ದೊಡ್ಡ ಲೈನು ಹಾಕುವ ಶಕ್ತಿ ಒಂದಕ್ಕೂ ಉಳಿದಿಲ್ಲ.

ಯಾವ ಅಳತೆ ನಂಬಬೇಕು

ದೇಶ ಹೋಲಿಸುವಾಗ ಜಾಸ್ತಿ ಬಳಸುವ ಅಳತೆ ಅಂದರೆ ಒಟ್ಟು ಉತ್ಪನ್ನದಲ್ಲಿ ಹೂಡಿಕೆಯ ಪಾಲು. ಚೀನಾದಲ್ಲಿ ಇದು ಶೇ. 40ಕ್ಕೂ ಮೇಲೆ. ಭಾರತದಲ್ಲಿ ಸುಮಾರು ಶೇ. 30. ಪಾಕಿಸ್ತಾನದಲ್ಲಿ ಶೇ. 15ರ ಆಸುಪಾಸು. ಪಾಕಿಸ್ತಾನದ ವಿಷಯದಲ್ಲಿ ಈ ಅಂಕಿಯೇ ಸಾಕಷ್ಟು ಹೇಳುತ್ತದೆ. ಅಷ್ಟು ಕಡಿಮೆ ಹೂಡಿದರೆ ಕಾರ್ಖಾನೆ ಬೆಳೆಯೋದು ಹೇಗೆ? ಆದರೆ ಚೀನಾ ನೋಡಿದರೆ ಅದೇ ಅಳತೆ ದಾರಿ ತಪ್ಪಿಸುತ್ತದೆ. ಅಲ್ಲಿ ಕಾರ್ಖಾನೆ, ರೈಲು, ಬಂದರು ಕಟ್ಟಿದ ದುಡ್ಡು ಫಲ ಕೊಟ್ಟಿತು. ಜನ ಬಾರದ ಅಪಾರ್ಟ್‌ಮೆಂಟ್ ಕಟ್ಟಿದ ದುಡ್ಡು ಸಾಲವಾಗಿ ಉಳಿಯಿತು. ಎರಡೂ ಒಂದೇ ಶೇಕಡಾದಲ್ಲಿ ಸೇರಿವೆ. ಅದಕ್ಕೇ ಅರ್ಥಶಾಸ್ತ್ರದವರು ಇನ್ನೊಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಒಂದು ರೂಪಾಯಿ ಜಾಸ್ತಿ ಉತ್ಪನ್ನ ಬರಲು ಎಷ್ಟು ರೂಪಾಯಿ ಹೂಡಬೇಕಾಯಿತು? ನನ್ನ ಪ್ರಕಾರ ಮಿಲ್ಲಿನವರಿಗೆ ಇದೇ ಉಪಯೋಗಕ್ಕೆ ಬರುವ ಲೆಕ್ಕ.

ಎರಡನೆಯದು ತಲಾ ಉತ್ಪನ್ನ. ಇದರ ಮೋಸ ನೋಡಬೇಕೆಂದರೆ ಬ್ರಿಟನ್ ಪಕ್ಕದ ಐರ್ಲೆಂಡ್ ನೋಡಿ. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗ ಬೆಳೆಯಿತು ಅಂತ ಪ್ರಕಟವಾಯಿತು. ಅಲ್ಲಿನ ಜನ ಅಷ್ಟು ಜಾಸ್ತಿ ದುಡಿದಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಗಳನ್ನು ಕಾಗದದ ಮೇಲೆ ಆ ದೇಶಕ್ಕೆ ವರ್ಗಾಯಿಸಿದ್ದವು. ಕೊನೆಗೆ ಐರ್ಲೆಂಡಿನವರೇ ತಮ್ಮ ನಿಜವಾದ ಆದಾಯ ಅಳೆಯಲು ಬೇರೆ ಲೆಕ್ಕ ಮಾಡಿಕೊಂಡರು. ನಮ್ಮ ಜಿಲ್ಲೆಯ ಅಂಕಿ ಓದುವಾಗಲೂ ಈ ಎಚ್ಚರ ಬೇಕು. ವಾಡಿ, ಮಳಖೇಡ, ಸೇಡಂ ಸಿಮೆಂಟ್ ಕಾರ್ಖಾನೆಗಳಲ್ಲಿ ಒಬ್ಬ ಕೆಲಸಗಾರನ ಹಿಂದೆ ಇರುವ ಬಂಡವಾಳಕ್ಕೂ ಗಂಜಿನ ಹಿಂದಿನ ಬೇಳೆ ಮಿಲ್ಲಿಗೂ ಅಜಗಜಾಂತರ. ಎರಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಸರಾಸರಿ ಯಾರಿಗೂ ಹೊಂದೋದಿಲ್ಲ.

ಇನ್ನು ದುಡಿಮೆಯ ಗಂಟೆ. ಮೆಕ್ಸಿಕೋದಲ್ಲಿ ಒಬ್ಬ ಕೆಲಸಗಾರ ವರ್ಷಕ್ಕೆ ಸುಮಾರು 2,200 ಗಂಟೆ ದುಡಿಯುತ್ತಾನೆ. ಪಕ್ಕದ ಅಮೆರಿಕದಲ್ಲಿ 1,800 ಗಂಟೆ. ಗಂಟೆಯ ಲೆಕ್ಕದಲ್ಲಿ ಮೆಕ್ಸಿಕೋದ ಫಲ ಅಮೆರಿಕದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. "ನಮ್ಮ ಹುಡುಗರು ಸರಿಯಾಗಿ ಕೆಲಸ ಮಾಡಲ್ಲ ಸಾರ್" ಅನ್ನುವ ಮಾಲೀಕರಿಗೆ ನಾನು ಈ ಅಂಕಿ ತೋರಿಸುತ್ತೇನೆ.

ಅಲ್ಲಿಯ ಉತ್ತರ ಇಲ್ಲಿಗೆ ಯಾಕೆ ಪೂರ್ತಿ ಹೊಂದೋದಿಲ್ಲ

ಕೆನಡಾ ಮಷೀನು ಕೊಳ್ಳದೆ ಹಿಂದೆ ಬಿತ್ತು, ಹಾಗಾದರೆ ನಾವೆಲ್ಲ ಮಷೀನು ಕೊಳ್ಳೋಣ ಅಂತ ಹೊರಡಬೇಡಿ. ನಮ್ಮಲ್ಲಿ ಕೂಲಿ ಮತ್ತು ಮಷೀನಿನ ದರದ ಲೆಕ್ಕವೇ ಬೇರೆ. ಒಂದು ಡಾಲರಿನಲ್ಲಿ ಅಮೆರಿಕದಲ್ಲಿ ಸಿಗುವ ದಿನಬಳಕೆಯ ವಸ್ತು, ಸೇವೆ ನಮ್ಮಲ್ಲಿ 20–25 ರೂಪಾಯಿಗೆ ಸಿಗುತ್ತದೆ. ಆದರೆ ಹೊರಗಿನಿಂದ ಬರುವ ಮಷೀನಿಗೆ ಡಾಲರಿನ ಪೂರ್ತಿ ದರ ಕೊಡಬೇಕು. ಅಂದರೆ ಇಲ್ಲಿ ಊಟ ಅಗ್ಗ, ಕೂಲಿ ಅಗ್ಗ, ಮಷೀನು ಮಾತ್ರ ಅಮೆರಿಕದ ದರ. ಅದರ ಮೇಲೆ ಬಡ್ಡಿ. ಸಣ್ಣ ಮಿಲ್ಲಿಗೆ ಶೇ. 10–12ರ ಸುತ್ತ ಸಾಲ ಸಿಕ್ಕರೆ ಸಿಕ್ಕಂತೆ. ಆದ್ದರಿಂದ ಕೂಲಿ ಉಳಿಸಲು ಮಾತ್ರ ಕೊಳ್ಳುವ ಮಷೀನು ಕಲಬುರಗಿಯಲ್ಲಿ ಬೇಗ ದುಡ್ಡು ವಾಪಸ್ ಕೊಡೋದಿಲ್ಲ. ಬೇಳೆ ಜಾಸ್ತಿ ಕೊಡುವ ಮಷೀನು ಕೊಡುತ್ತದೆ.

ರಿಕವರಿ (ಕಾಳಿನಿಂದ ಸಿಗುವ ಬೇಳೆಯ ಪಾಲು) ಹೆಚ್ಚಿಸುವ ಯಂತ್ರ: ನನ್ನ ಮೊದಲ ಆಯ್ಕೆ

ತೊಗರಿ ಕಾಳಿನಲ್ಲಿ ಸಿಪ್ಪೆ ಬೇಳೆಗೆ ಅಂಟಿನಿಂದ ಕೂತಿರುತ್ತದೆ. ಕಡಲೆಗಿಂತ ಇದು ಹಟಮಾರಿ. ಅದಕ್ಕೇ ಎಮರಿ ರೋಲಿನಲ್ಲಿ (ಒರಟು ಪುಡಿ ಕಟ್ಟಿದ ಉರುಳೆ) ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರಡಿ, ಮತ್ತೆ ರೋಲಿಗೆ ಕೊಡೋದು. ಕಾಳಿನಿಂದ ಸಿಗಬಹುದಾದ ಬೇಳೆ ಹೆಚ್ಚೆಂದರೆ ಶೇ. 85–88. ಹಳೆಯ ಪದ್ಧತಿಯ ಮಿಲ್ಲುಗಳಿಗೆ ಸಿಗೋದು ಶೇ. 70–75. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದ ಬಿಸಿಗಾಳಿಯ ಪದ್ಧತಿಯಲ್ಲಿ ಇದು ಶೇ. 80ಕ್ಕೂ ಮೇಲೆ ಹೋಗುತ್ತದೆ. ಮಧ್ಯದಲ್ಲಿ ಕಳೆದದ್ದೆಲ್ಲ ನುಚ್ಚು, ಪುಡಿ, ಚುನ್ನಿಯಾಗಿ ದನದ ಮೇವಿಗೆ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮಿಲ್ಲಿನವು ಹಾಕಿಕೊಳ್ಳಿ. ದಿನಕ್ಕೆ 5 ಟನ್, ವರ್ಷಕ್ಕೆ 150 ದಿನ. ಒಟ್ಟು 7,500 ಕ್ವಿಂಟಲ್ ತೊಗರಿ. ರಿಕವರಿ ಶೇ. 1 ಏರಿದರೆ 75 ಕ್ವಿಂಟಲ್ ಬೇಳೆ ಜಾಸ್ತಿ. ಬೇಳೆ ಕ್ವಿಂಟಲಿಗೆ 10,000 ರೂಪಾಯಿ, ಅದೇ ಮಾಲು ಚುನ್ನಿಯಾಗಿ ಹೋಗಿದ್ದರೆ 2,500 ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 7,500. ಅಂದರೆ ಶೇ. 1ಕ್ಕೆ ವರ್ಷಕ್ಕೆ 5,62,500 ರೂಪಾಯಿ. ಶೇ. 3 ಏರಿಸಿದರೆ 17 ಲಕ್ಷದ ಹತ್ತಿರ. ಇಷ್ಟು ದುಡ್ಡು ಕೂಲಿ ಕಡಿಮೆ ಮಾಡಿ ಉಳಿಸಲು ಆಗೋದಿಲ್ಲ. ಹೊಸ ಕೂಲಿಯವರೂ ಬೇಡ, ಹೊಸ ತೊಗರಿಯೂ ಬೇಡ.

ಎಲ್ಲಕ್ಕೂ ದೊಡ್ಡ ಮಷೀನೇ ಬೇಕಂತಿಲ್ಲ. ಕಾಳನ್ನು ಗಾತ್ರದ ಪ್ರಕಾರ ಸರಿಯಾಗಿ ಗ್ರೇಡ್ ಮಾಡದೆ ಒಂದೇ ರೋಲಿಗೆ ಹಾಕಿದರೆ ದಪ್ಪ ಕಾಳು ಸವೆಯುತ್ತದೆ, ಸಣ್ಣ ಕಾಳು ಸಿಪ್ಪೆ ಸಮೇತ ಹೊರಗೆ ಬರುತ್ತದೆ. ಒಂದು ಒಳ್ಳೆಯ ಗ್ರೇಡರ್, ಸಮಯಕ್ಕೆ ಎಮರಿ ಕಟ್ಟಿಸೋದು, ರೋಲ್ ಮತ್ತು ಜಾಲರಿಯ ಸಂದು ನೋಡಿಕೊಳ್ಳುವ ಅನುಭವಿ ಮಿಸ್ತ್ರಿ. ರಾಜರ್ಸ್ ಹೇಳಿದ ಎರಡನೇ ಮತ್ತು ಮೂರನೇ ಕಾರಣ ಇದೇ. ಒಳ್ಳೆಯ ಮಿಸ್ತ್ರಿಗೆ ತಿಂಗಳಿಗೆ ನಾಲ್ಕೈದು ಸಾವಿರ ಜಾಸ್ತಿ ಕೊಡಲು ಹಿಂದೆಮುಂದೆ ನೋಡುವವರು ಲಕ್ಷಗಟ್ಟಲೆಯ ಮಷೀನಿಗೆ ಕಣ್ಣು ಮುಚ್ಚಿ ಸಹಿ ಹಾಕೋದನ್ನು ನೋಡಿದ್ದೇನೆ.

ಡ್ರೈಯರ್

ಕಲಬುರಗಿಯ ಬಿಸಿಲು ಪುಕ್ಕಟೆ, ಅದೂ ಧಾರಾಳ. ಹಾಗಾಗಿ ಅಂಗಳದಲ್ಲಿ ಒಣಗಿಸುವವರನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ಮಾರ್ಚಿನಿಂದ ಮೇ ತನಕ ಬಿಸಿಲಿನ ಜೊತೆ ಯಾವ ಡ್ರೈಯರೂ ದರದಲ್ಲಿ ಪೈಪೋಟಿ ಮಾಡೋದಿಲ್ಲ. ಆದರೆ ಬಿಸಿಲಿಗೂ ಒಂದು ಖರ್ಚಿದೆ, ಅದು ಯಾರ ಪುಸ್ತಕದಲ್ಲೂ ಬರೋದಿಲ್ಲ. ನಾಲ್ಕು ದಿನ ಒಣಗಲು ಬಿಟ್ಟರೆ ದಿನಕ್ಕೆ 5 ಟನ್ನಿನ ಮಿಲ್ಲಿನಲ್ಲಿ 200 ಕ್ವಿಂಟಲ್ ತೊಗರಿ ಸದಾ ಅಂಗಳದಲ್ಲೇ ಇರುತ್ತದೆ. 8,000 ರೂಪಾಯಿ ದರದಲ್ಲಿ 16 ಲಕ್ಷ. ಡ್ರೈಯರಿನಿಂದ ಒಂದೇ ದಿನಕ್ಕೆ ಬಂದರೆ 4 ಲಕ್ಷ ಸಾಕು. ಉಳಿದ 12 ಲಕ್ಷ ಸಿಸಿ ಲಿಮಿಟಿನಿಂದ (ಮಾಲಿನ ಮೇಲೆ ಬ್ಯಾಂಕು ಕೊಡುವ ಕ್ಯಾಶ್ ಕ್ರೆಡಿಟ್ ಸಾಲ) ಬಿಡುಗಡೆ. ಅಕಾಲದ ಮಳೆಗೆ ಹೆದರುವ ಕೆಲಸವೂ ಇಲ್ಲ, ಮಳೆಗಾಲದಲ್ಲೂ ಮಿಲ್ ಓಡುತ್ತದೆ.

ಉರುವಲಿನ ಲೆಕ್ಕ ಮಾತ್ರ ಸರಿಯಾಗಿ ಬರೆಯಿರಿ. "ನಮ್ಮದೇ ಹೊಟ್ಟು ಸುಡ್ತೀವಿ, ಖರ್ಚಿಲ್ಲ" ಅಂತ ರಿಪೋರ್ಟಿನಲ್ಲಿ ಬರೆಸುತ್ತಾರೆ. ಆ ಹೊಟ್ಟು ಮಾರಿದ್ದರೆ ದುಡ್ಡು ಬರುತ್ತಿತ್ತಲ್ಲ, ಅದೇ ಖರ್ಚು.

ಸಾರ್ಟೆಕ್ಸ್

ಬಣ್ಣ ನೋಡಿ ಕೆಟ್ಟ ಕಾಳು, ಸಿಪ್ಪೆ ಉಳಿದ ಬೇಳೆಯನ್ನು ಗಾಳಿಯಿಂದ ಹಾರಿಸಿ ಬೇರೆ ಮಾಡುವ ಮಷೀನು. ಎಲ್ಲರಿಗೂ ಇದರ ಮೇಲೆ ಕಣ್ಣು. ಆದರೆ ಇದರಿಂದ ಬೇಳೆ ಜಾಸ್ತಿ ಬರೋದಿಲ್ಲ, ದರ ಜಾಸ್ತಿ ಬರುತ್ತದೆ. ಅದೂ ನಿಮ್ಮ ಗಿರಾಕಿ ಯಾರು ಅನ್ನೋದರ ಮೇಲೆ. 7,500 ಕ್ವಿಂಟಲ್ ತೊಗರಿಯಿಂದ ಶೇ. 72ರಂತೆ 5,400 ಕ್ವಿಂಟಲ್ ಬೇಳೆ. ಕ್ವಿಂಟಲಿಗೆ 100 ರೂಪಾಯಿ ಜಾಸ್ತಿ ಸಿಕ್ಕರೆ 5.4 ಲಕ್ಷ. ಬೆಂಗಳೂರು, ಹೈದರಾಬಾದಿನಲ್ಲಿ ನಿಮ್ಮ ಹೆಸರಿನ ಪ್ಯಾಕೆಟ್ ಮಾರುವವರಾದರೆ ಇದು ಬೇಕೇ ಬೇಕು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಗುರುತನ್ನು ಪ್ಯಾಕೆಟಿನ ಮೇಲೆ ಹಾಕಿ ಮಾರುವ ಆಸೆ ಇದ್ದರೂ ಬೇಕು. ಮೂಟೆಯಲ್ಲಿ ವ್ಯಾಪಾರಿಗೆ ಕೊಟ್ಟು, ಅವನು ತನ್ನಲ್ಲಿ ಮತ್ತೆ ಸಾರ್ಟ್ ಮಾಡುವುದಾದರೆ ನಿಮಗೆ ಏನೂ ಸಿಗೋದಿಲ್ಲ. ಹತ್ತಿರದ ಮಿಲ್ಲಿನಲ್ಲಿ ಬಾಡಿಗೆಗೆ ಸಾರ್ಟ್ ಮಾಡಿಸಿ ಒಂದು ಹಂಗಾಮು ನೋಡಿ. ಇನ್ನೊಂದು ಮಾತು: ಈ ಮಷೀನಿಗೆ ಒಣ ಗಾಳಿ ಕೊಡುವ ಕಂಪ್ರೆಸರ್, ಸ್ಥಿರ ವೋಲ್ಟೇಜ್ ಎರಡೂ ಬೇಕು. ದರಪಟ್ಟಿಯಲ್ಲಿ ಅವು ಬೇರೆ ಸಾಲಿನಲ್ಲಿ ಇರುತ್ತವೆ, ಕೆಲವೊಮ್ಮೆ ಇರೋದೇ ಇಲ್ಲ.

ಗೋದಾಮು ಮತ್ತು ಪ್ಲಾಟು

ಇದು ನಮ್ಮ ಕೆನಡಾ, ಅಲ್ಲಿನವರು ಮನೆಗೆ ದುಡ್ಡು ಹಾಕಿದಂತೆ. ಜಾಗದ ಬೆಲೆ ಏರುತ್ತದೆ, ಮಗಳ ಮದುವೆಗೆ ಆಗುತ್ತದೆ, ಬ್ಯಾಂಕಿಗೆ ಅಡಮಾನಕ್ಕೂ ಆಗುತ್ತದೆ. ಎಲ್ಲ ಸರಿ. ಆದರೆ ಅದನ್ನು ಮಿಲ್ಲಿನ ಹೂಡಿಕೆ ಅಂತ ಕರೆಯಬೇಡಿ, ಮನೆಯ ಆಸ್ತಿ ಅಂತ ಬೇರೆ ಬರೆದಿಡಿ. ಮಾಲು ನೆನೆಯುತ್ತಿದ್ದರೆ, ಹುಳ ಬೀಳುತ್ತಿದ್ದರೆ ಗೋದಾಮು ಖಂಡಿತ ಕಟ್ಟಿ.

ತೊಗರಿ ಕೊಂಡು ಇಡೋದು

2024ರಲ್ಲಿ ಕ್ವಿಂಟಲಿಗೆ 10,000 ದಾಟಿದ್ದ ತೊಗರಿ 2025ರ ಶುರುವಿನಲ್ಲಿ 7,550 ರೂಪಾಯಿ ಬೆಂಬಲ ಬೆಲೆಯ ಸುತ್ತಮುತ್ತಲಿಗೆ ಇಳಿಯಿತು. ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾದಿಂದ ಬರುವ ತೊಗರಿ, ಬಟಾಣಿಯ ಆಮದು, ಕೇಂದ್ರದ ಆದೇಶ, ಇವೆಲ್ಲ ನಮ್ಮ ಕೈಯಲ್ಲಿಲ್ಲ. 2023ರ ಜೂನಿನಲ್ಲಿ ಮತ್ತು 2024ರ ಜೂನಿನಲ್ಲಿ ತೊಗರಿಗೆ ದಾಸ್ತಾನು ಮಿತಿಯೂ ಬಂತು. ವ್ಯಾಪಾರ ಬಲ್ಲವರು ಮಾಡಲಿ, ಅದು ಅವರ ಕಸುಬು. ಆದರೆ ಮಷೀನಿಗೆ ಅಂತ ತೆಗೆದ ಟರ್ಮ್ ಲೋನನ್ನು (ಕಂತಿನಲ್ಲಿ ತೀರಿಸುವ ಸಾಲ) ಮಾಲಿಗೆ ತಿರುಗಿಸೋದು ಮಾತ್ರ ಬೇಡವೇ ಬೇಡ. ದರ ಬಿದ್ದರೆ ಕಂತು ಕಟ್ಟಲು ಮಾಲೂ ಇಲ್ಲ, ಮಷೀನೂ ಇಲ್ಲ.

ಸೋಲಾರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಿಲ್ ಓಡೋದು ಹಂಗಾಮಿನಲ್ಲಿ, ಬಿಸಿಲು ಇರೋದು ವರ್ಷಪೂರ್ತಿ. ಉಳಿದ ಕರೆಂಟನ್ನು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂ ಗ್ರಿಡ್ಡಿಗೆ ಕೊಡುವ ವ್ಯವಸ್ಥೆ ಆದರೆ ಮಾತ್ರ ಲೆಕ್ಕ ಕೂಡುತ್ತದೆ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಸವಕಳಿ ಶೇ. 15, ಸೋಲಾರಿಗೆ ಶೇ. 40. ತೆರಿಗೆ ಕಟ್ಟುವಷ್ಟು ಲಾಭ ಇದ್ದವರಿಗೆ ಇದು ಒಳ್ಳೆಯದು.

ಯಾರಿಗೆ ಯಾವುದು

ನಿಮ್ಮ ರಿಕವರಿ ಶೇ. 75ಕ್ಕಿಂತ ಕಡಿಮೆ ಇದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ಗ್ರೇಡರ್, ರೋಲ್, ಮಿಸ್ತ್ರಿ. ಸಾಲ ಬೇಕಾಗೋದೂ ಅಷ್ಟಕ್ಕಷ್ಟೇ. ರಿಕವರಿ ಚೆನ್ನಾಗಿದ್ದು, ಮಿಲ್ ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ಓಡುತ್ತಿದ್ದರೆ ಡ್ರೈಯರ್. ಅದರ ಜೊತೆ ಹಂಗಾಮು ಮುಗಿದ ಮೇಲೆ ಏನು ಓಡಿಸುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. ಕಡಲೆಯಾ, ಹೆಸರಾ, ಆಮದು ತೊಗರಿಯಾ? ಕೆಲವರು ಕೆನಡಾ ಬಟಾಣಿಯನ್ನೇ ಒಡೆಯುತ್ತಾರೆ. ಮಷೀನಿಗೆ ಅದು ಒಳ್ಳೆಯದು, ಆಳಂದ, ಚಿಂಚೋಳಿಯ ರೈತನ ತೊಗರಿ ದರಕ್ಕೆ ಒಳ್ಳೆಯದಲ್ಲ. ಅದೇ ರೈತ ಡಿಸೆಂಬರಿನಲ್ಲಿ ನಿಮ್ಮ ಬಾಗಿಲಿಗೆ ಬರಬೇಕು, ಅದನ್ನೂ ತೂಗಿ ನೋಡಿ. ಪ್ಯಾಕೆಟ್ ಗಿರಾಕಿ ಕೈಯಲ್ಲಿದ್ದರೆ ಸಾರ್ಟೆಕ್ಸ್. ಗಿರಾಕಿಯನ್ನು ಆಮೇಲೆ ಹುಡುಕುತ್ತೇನೆ ಅನ್ನುವವರಿಗೆ ಬೇಡ.

ಸಬ್ಸಿಡಿಯನ್ನು ಕೊನೆಗೆ ಕೂಡಿಸಿ. 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಕ್ಕೆ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಅರ್ಜಿ ಹಾಕುವ ಮುಂಚೆ ಈಗ ಚಾಲ್ತಿಯಲ್ಲಿದೆಯಾ ಅಂತ ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿ. ಸಬ್ಸಿಡಿ ಇಲ್ಲದಿದ್ದರೂ ಲಾಭ ಕೊಡುವ ಮಷೀನಿಗೆ ಸಬ್ಸಿಡಿ ಬಂದರೆ ಸಂತೋಷ. ಸಬ್ಸಿಡಿ ಬಂದರೆ ಮಾತ್ರ ಲೆಕ್ಕ ಕೂಡುವ ಮಷೀನನ್ನು ಅಲ್ಲೇ ಬಿಡಿ.

ಮಾರುವವನು ಮಷೀನಿನ ರಿಕವರಿ ಶೇ. 82 ಅಂದರೆ ಕಾಗದ ನೋಡಿ ಒಪ್ಪಬೇಡಿ. ನಿಮ್ಮದೇ ಮಾಲು 20 ಕ್ವಿಂಟಲ್ ತೆಗೆದುಕೊಂಡು ಅವನ ಮಷೀನು ಓಡುತ್ತಿರುವ ಮಿಲ್ಲಿಗೆ ಹೋಗಿ. ಹಾಕುವ ಮುಂಚೆ ತೂಕ, ತೇವಾಂಶ ಎರಡೂ ಬರೆದುಕೊಳ್ಳಿ. ಹೊರಗೆ ಬಂದ ಬೇಳೆ, ನುಚ್ಚು, ಚುನ್ನಿ, ಹೊಟ್ಟು ಬೇರೆ ಬೇರೆ ತೂಗಿಸಿ. ಎಷ್ಟು ಯೂನಿಟ್ ಕರೆಂಟ್ ಹೋಯಿತು, ಎಷ್ಟು ಜನ ನಿಂತಿದ್ದರು ನೋಡಿ. ನಿಮ್ಮ ಮಂಜೂರಾದ ಲೋಡ್ ಆ ಮೋಟಾರುಗಳನ್ನು ತಡೆಯುತ್ತದಾ ಅಂತ ಜೆಸ್ಕಾಂ ಕಚೇರಿಯಲ್ಲಿ ಕೇಳಿದ ಮೇಲೆಯೇ ಮುಂಗಡ ಕೊಡಿ.